ಮೌಶಿಯ ಜುಂ ಅನ್ನುವ ನಳ

ಖಾನಾಪುರದ ನಮ್ಮ ಮೌಶಿಯ ಬಚ್ಚಲಮನೆಯ ನಳ ಮುಟ್ಟಿದರೆ ಮೊಣಕೈ ನೋವು ಮಾಯ!

ನಗಬೇಡಿ. ಹೋದ ತಿಂಗಳವರೆಗೂ ಅವರ ಓಣಿಯ ಅರ್ಧ ಹೆಣ್ಣುಮಕ್ಕಳು ಇದನ್ನು ನಂಬಿದ್ದರು. ಸುಮಿತ್ರಾ ಮೌಶಿ ನಮ್ಮ ಅವ್ವನ ತಂಗಿ. ಅರವತ್ತು ದಾಟಿದರೂ ದಿನಕ್ಕೆ ನಾಲ್ಕು ಬ್ಲೌಸ್ ಹೊಲಿಯುತ್ತಾಳೆ. (ಕೈನೋವಿನ ಮೂಲ ಅಲ್ಲೇ ಇದೆ. ಹೇಳುವ ಧೈರ್ಯ ಯಾರಿಗಿದೆ?)

ಒಂದು ರವಿವಾರ ಬೆಳಿಗ್ಗೆ ಬೆಳಗಾವಿಯಿಂದ ಬಸ್ ಹತ್ತಿ ಹೋದೆ. ಬಚ್ಚಲ ಚಪ್ಪಲಿ ಮೆಟ್ಟಿ, ಮುಖ ತೊಳೆಯಲು ನಳಕ್ಕೆ ಕೈ ಹಾಕಿದೆ. ಜುಂ! ತಂಬಿಗೆ ಒಂದು ಕಡೆ, ನಾನು ಇನ್ನೊಂದು ಕಡೆ.

“ಜುಂ ಅಂತಿಲ್ಲ?” ಅಡುಗೆಮನೆಯಿಂದ ಮೌಶಿಯ ಖುಷಿಯ ದನಿ. “ಗೀಜರ್ ಹಚ್ಚಿದಾಗ ಹಂಗ ಆಕ್ಕೈತಿ ತಮ್ಮಾ. ನನ್ನ ಮೊಣಕೈ ಎಷ್ಟ್ ಹಗುರ ಆಗೇತಿ!”

ಹೊಸ್ತಿಲ ಹತ್ತಿರ ಕೂತಿದ್ದ ಬಾಜು ಮನೆಯ ಪಾರ್ವತಿಬಾಯಿ ತಲೆಯಾಡಿಸಿದರು. “ಖರೇನ ಐತ್ರಿ. ನಾನೂ ಮೊಣಕಾಲ ನೋವಿಗೆ ದಿನಾ ಬಂದು ಮುಟ್ಟಿ ಹೊಕ್ಕೇನಿ.”

ವಾದ ಮಾಡಲಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಶಬಾನಾಗೆ ಫೋನ್ ಹಚ್ಚಿದೆ.

ಶಬಾನಾ ಬೆಳಗಾವಿಯ ಆಟೋ ನಗರದಲ್ಲಿ ಅಪ್ಪನ ಜೊತೆ ಮೋಟರ್ ರಿವೈಂಡಿಂಗ್ ಅಂಗಡಿ ನಡೆಸುತ್ತಾಳೆ. ಮನೆ ವೈರಿಂಗ್ ಕೆಲಸವನ್ನೂ ಮಾಡುತ್ತಾಳೆ. ನನ್ನ ಮಾತು ಪೂರ್ತಿ ಕೇಳಲೇ ಇಲ್ಲ. “ಯಾರೂ ನಳ ಮುಟ್ಟಬ್ಯಾಡ್ರಿ ಸರ್. ಹೊಂಟೆ ನಾ.” ದೇಸೂರ ದಾಟಿ ಸ್ಕೂಟರ್ ಓಡಿಸಿಕೊಂಡು ತಾಸಿನೊಳಗೆ ಬಾಗಿಲಲ್ಲಿದ್ದಳು.

ಕೈಗೆ ರಬ್ಬರ್ ಗವಸು, ಕಾಲಿಗೆ ಗಟ್ಟಿ ಬೂಟು. ಮೇನ್ ಮತ್ತು ಗೀಜರ್ ಆನ್ ಮಾಡಿಸಿ, ಸೆಲ್ ಹಾಕಿದ ಟೆಸ್ಟರ್ ತುದಿಯನ್ನು ನಳಕ್ಕೆ ಇಟ್ಟಳು. ಕೆಂಪು ದೀಪ ಹತ್ತಿತು.

“ಕಾಣ್ತೈತೇನ್ರಿ ಮೌಶಿ? ಗೀಜರ್ ಕಾಯಿಲ್ ಒಡದೈತಿ. ಮನಿಗೆ ಅರ್ಥಿಂಗ್ ಇಲ್ಲ. ಲೀಕ್ ಆದ ಕರೆಂಟ್ ನಿಮ್ಮ ಮೈಯಾಗಿಂದ ದಾರಿ ಹುಡಕಾಕತ್ತೈತಿ.”

“ನನಗೇನೂ ಆಗಿಲ್ಲಲ್ಲ?”

“ಜಳಕಕ್ಕ ಎಲ್ಲಿ ಕುಂದರ್ತೀರಿ?”

“ಕಟಗಿ ಮಣಿ ಮ್ಯಾಲ. ಕಾಲಾಗ ರಬ್ಬರ್ ಚಪ್ಪಲ್.”

“ಅವ ಉಳಿಸ್ಯಾವು ನೋಡ್ರಿ ನಿಮ್ಮನ್ನ. ಹಸಿ ನೆಲದ ಮ್ಯಾಲ ಬರಿಗಾಲಾಗ ಯಾರರೆ ನಿಂತಿದ್ರ, ಮುಗೀತ.”

ಮೌಶಿಯ ಮುಖದ ನಗು ಹೋಯಿತು. ಇನ್ನೆರಡು ದಿನದಲ್ಲಿ ಹುಬ್ಬಳ್ಳಿಯಿಂದ ಮೊಮ್ಮಗಳು ಬರುವವಳಿದ್ದಳು. ನಾಲ್ಕು ವರ್ಷದ ಪೋರಿ. ಚಪ್ಪಲಿ ಹಾಕಿದರೆ ಅಳುತ್ತಾಳೆ, ನೀರು ಕಂಡರೆ ಕುಣಿಯುತ್ತಾಳೆ.

ಮೌಶಿ ಸೆರಗು ಸಿಕ್ಕಿಸಿಕೊಂಡಳು. “ಏನೇನ್ ಬೇಕ ಹೇಳವಾ.”

ನಾನು ಪೇಟೆಗೆ ಓಡಿದೆ. ಹೊಸ ಕಾಯಿಲ್, ಪೈಪು, ವೈರು, ಇದ್ದಿಲು, ಉಪ್ಪು, ಒಂದು ಟ್ರಿಪ್ ಸ್ವಿಚ್. ಸೋರಿದ ಕರೆಂಟ್ ನೆಲಕ್ಕಿಳಿಯುವ ಅರ್ಥಿಂಗಿಗೆಂದು ಹಿತ್ತಲಲ್ಲಿ ಗುಂಡಿ ತೋಡಿದೆವು. ಶಬಾನಾ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕತೊಡಗಿದಳು.

ಪಾರ್ವತಿಬಾಯಿ ಬಗ್ಗಿ ನೋಡಿದರು. “ಉಪ್ಪಿನಕಾಯಿ ಹಾಕಾಕತ್ತೀಯೇನವಾ?”

“ಹೂಂರಿ, ಕರೆಂಟಿಂದು!”

ಮೌಶಿ ನಕ್ಕು ನಕ್ಕು ಗುಂಡಿಯ ದಂಡೆಯ ಮೇಲೇ ಕೂತುಬಿಟ್ಟಳು.

ಗೀಜರಿಗೆ ಹೊಸ ಕಾಯಿಲ್ ಕೂಡಿಸಿ, ಪೈಪಿನಿಂದ ವೈರು ಎಳೆದದ್ದಾಯಿತು. ಕೊನೆಗೆ ಬೋರ್ಡಿಗೆ ಟ್ರಿಪ್ ಸ್ವಿಚ್ ಬಂತು. ಕರೆಂಟ್ ಎಲ್ಲಿಯಾದರೂ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಬಂದ್ ಆಗುತ್ತದೆ. “ಇದು ಟೆಸ್ಟ್ ಬಟನ್. ತಿಂಗಳಿಗೊಮ್ಮಿ ಒತ್ತಿ ನೋಡ್ರಿ,” ಎಂದಳು ಶಬಾನಾ. ಮೌಶಿ ಒತ್ತಿದಳು. ಟಕ್! ಫ್ಯಾನ್ ನಿಂತಿತು. ಮತ್ತೆ ಆನ್ ಮಾಡಿಸಿ ಮತ್ತೆ ಒತ್ತಿದಳು. ಟಕ್! ಐದನೇ ಸಲಕ್ಕೆ ಶಬಾನಾ ಕೈ ಹಿಡಿದುಕೊಂಡಳು. “ಮೌಶಿ, ತಿಂಗಳಿಗೊಮ್ಮಿ ಅಂದೇನ್ರಿ!”

ಈಗ ನಳಕ್ಕೆ ಟೆಸ್ಟರ್ ಇಟ್ಟರೆ ದೀಪ ಹತ್ತಲಿಲ್ಲ. “ಹಂಗಾದ್ರ ನನ್ನ ಮೊಣಕಾಲಿಗೇನ್ ಮಾಡ್ಲಿ?” ಎಂದು ಪಾರ್ವತಿಬಾಯಿ ಮುಖ ಸಣ್ಣ ಮಾಡಿದರು. ಮೌಶಿ ಬಿಡಲಿಲ್ಲ. “ಡಾಕ್ಟರ್ ಕಡೆ ಹೋಗೂಣು. ಮೊದಲ ನಿನ್ನ ಮನಿ ನಳ ತೋರಸ!” ಸಂಜೆಯೊಳಗೆ ಮೌಶಿ ಶಬಾನಾಳನ್ನು ಕರೆದುಕೊಂಡು ಓಣಿಯ ನಾಲ್ಕು ಮನೆ ಹೊಕ್ಕು ಬಂದಿದ್ದಳು. ಒಂದು ಮನೆಯಲ್ಲಿ ಕನ್ನಡ, ಮತ್ತೊಂದರಲ್ಲಿ ಮರಾಠಿ. ಎರಡರಲ್ಲೂ ಭಾಷಣ.

ಎರಡು ದಿನ ಬಿಟ್ಟು ವಿಡಿಯೋ ಕಾಲ್ ಬಂತು. ಪೋರಿ ಬಚ್ಚಲಲ್ಲಿ ಬರಿಗಾಲಲ್ಲಿ ಕುಣಿಯುತ್ತಿದ್ದಳು. ಮೌಶಿ ಪೂರಾ ತೊಯ್ದು ಹೋಗಿದ್ದಳು. ಅಷ್ಟು ಚಂದದ ದೃಶ್ಯ ನಾನು ಈಚೆಗೆ ನೋಡಿಲ್ಲ.

ಆದರೆ ಅಂದು ಖಾನಾಪುರದಿಂದ ಹೊರಡುವಾಗ ಶಬಾನಾ ನನ್ನನ್ನೂ ಒಂದು ಮಾತು ಕೇಳಿದ್ದಳು. “ನಿಮ್ಮ ಮನ್ಯಾಗ ಬಟನ್ ಯಾವಾಗ ಒತ್ತೀರಿ ಸರ್?” ನಾನು ಚಪ್ಪಲಿ ಹುಡುಕುವವನಂತೆ ನೆಲ ನೋಡಿದೆ. ಬೆಳಗಾವಿಗೆ ಬಂದು ಹುಡುಕಿದೆ. ಕ್ಯಾಲೆಂಡರ್ ಹಿಂದೆ ಬೋರ್ಡ್ ಸಿಕ್ಕಿತು. ಅದರಲ್ಲಿ ಅಂಥ ಬಟನ್ನೇ ಇರಲಿಲ್ಲ! (ಶಬಾನಾ ಬಂದು ಹಾಕಿ ಹೋದಳು. ಬೈದೂ ಹೋದಳು.)

ಈಗ ನೀವು ಹೇಳಿ, ನಿಮ್ಮ ಮನೆಯ ಬಟನ್ ಎಲ್ಲಿದೆ?