ಗೌಡರ ಗೋಡೆಗೆ ಬಂದ ಕಲಾವಿದೆ

ತಣಿಸಂದ್ರದ ನಮ್ಮ ಬೀದಿಯಲ್ಲಿ ಎಲ್ಲರೂ ಕಸ ಸುರಿಯುವ ಗೋಡೆಯೊಂದರ ಮೇಲೆ ಜನರಿಂದಲೇ ಚಿತ್ರ ಬರೆಸಲು ಕಲಾವಿದೆಯೊಬ್ಬರು ಬರುತ್ತಿದ್ದರು. ಏನು ಕೇಳಿದರೂ ಮೂಗಿನ ಮೇಲಿನ ಬಣ್ಣ ಒರೆಸಿಕೊಂಡು, "ನಂಗೇನ್ ಗೊತ್ತು, ನೀವೇ ಬರೀರಿ" ಎಂದು ಬ್ರಷ್ ಕೊಡುತ್ತಿದ್ದರು. ನಾನು ಅವರನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ನಾನು ಬರೆದ ನವಿಲನ್ನು ಕೋಳಿ ಎಂದು ಬೀದಿಯೇ ನಕ್ಕಿತು.

ಹೆಂಗಸರು ತಮ್ಮ ರಂಗೋಲಿಗಳನ್ನೆಲ್ಲ ಬರೆದು ಮುಗಿಸಿದ ದಿನ, ಗೋಡೆಯ ಮಾಲೀಕರಾದ ಗೌಡರು ಸುಣ್ಣದ ಬಕೆಟ್ ತಂದರು. "ದೇವ್ರ ಚಿತ್ರ ಅಂತ ಒಪ್ಪಿದ್ದೆ ಕಣಮ್ಮ. ಇದಕ್ಕೆ ಹೆದರಿ ಯಾರ್ ಕಸ ಹಾಕೋದ್ ಬಿಡ್ತಾರೆ? ಅಳಿಸ್ತೀನಿ."

"ಅಳಿಸಿ ಗೌಡ್ರೇ," ಎಂದರು ಕಲಾವಿದೆ. "ಈ ಗೋಡೆ ಕಟ್ಟೋಕ್ ಮೊದ್ಲು ಇಲ್ಲೇನಿತ್ತು?"

"ನಮ್ಮ ರಾಗಿ ಹೊಲ."

"ಹೆಂಗಿತ್ತು?"

ಗೌಡರು ಕೈಯಾಡಿಸಿ ವರ್ಣಿಸತೊಡಗಿದರು. ಕಲಾವಿದೆ ಆ ಕೈಗೇ ಬ್ರಷ್ ಇಟ್ಟರು. ಸುಣ್ಣ ಮರೆತು, ಸಂಜೆಯವರೆಗೂ ಗೌಡರು ರಂಗೋಲಿಗಳ ನಡುವೆ ರಾಗಿ ತೆನೆ ಬರೆದರು.

ಮರುದಿನ ನಾನು ಅಭ್ಯಾಸಬಲದಿಂದ ಕಸದ ಕವರ್ ಹಿಡಿದು ಹೋದೆ. ಗೋಡೆಯ ಮುಂದೆ ಕುರ್ಚಿ ಹಾಕಿ ಕೂತಿದ್ದ ಗೌಡರು ಗದರಿದರು: "ನನ್ ಹೊಲಕ್ಕೆ ಕಸ ಹಾಕ್ತೀಯೇನೋ?"