ಎಲ್ಲರಿಗೂ ‘ಸಾರಿ’, ಅಣ್ಣನಿಗಲ್ಲ

ಮೇ ೧೭, ಶನಿವಾರ. ಬೆಳಿಗ್ಗೆ ತುಂತುರು ಮಳೆ, ಆಮೇಲೆ ಹದವಾದ ಬಿಸಿಲು. ನಮ್ಮ ಯಾರ್ಕ್‌ಷೈರಿನ ಈ ಬೀದಿಯಲ್ಲಿ ಕ್ಲಿಫರ್ಡರಷ್ಟು ‘ಸಾರಿ’ ಎನ್ನುವವರು ಇನ್ನೊಬ್ಬರಿಲ್ಲ. ಬಸ್ಸಿನಲ್ಲಿ ಅವರ ‘ಸಾರಿ’ಗೆ ದಾರಿ ಬಿಡಿ ಎಂದರ್ಥ, ಅಂಚೆ ಕಚೇರಿಯಲ್ಲಿ ಇದು ನನ್ನ ಸರದಿ ಎಂದರ್ಥ, ಪಬ್ಬಿನ ವಾದದಲ್ಲಿ ನೀನು ಹೇಳುವುದು ಶುದ್ಧ ಸುಳ್ಳು ಎಂದರ್ಥ. ತಮ್ಮ ಕಾಲು ತುಳಿದವನಿಗೂ ಅವರೇ ಹೇಳುತ್ತಾರೆ. ಒಮ್ಮೆ ದೀಪದ ಕಂಬಕ್ಕೆ ಡಿಕ್ಕಿ ಹೊಡೆದು ಅದಕ್ಕೂ ಹೇಳಿದ್ದನ್ನು ಕಂಡಿದ್ದೇನೆ. ಆದರೆ ನನ್ನ ಪಕ್ಕದ ಮನೆಯಲ್ಲಿರುವ ಅವರ ಅಣ್ಣ ಸ್ಟ್ಯಾನ್ಲಿಯವರ ಮುಂದೆ ಮಾತ್ರ ಆ ಮಾತು ಬಾಯಿಂದ ಹೊರಟಿಲ್ಲ. ತಂದೆ ಸಾಕಿದ್ದ ಪಂದ್ಯದ ಪಾರಿವಾಳಗಳನ್ನು ಕ್ಲಿಫರ್ಡ್ ಹೇಳದೆ ಕೇಳದೆ ಮಾರಿದಂದಿನಿಂದ ಅಣ್ಣ ಮಾತು ಬಿಟ್ಟಿದ್ದಾರೆ. ಪ್ರತಿ ಶನಿವಾರ ತಮ್ಮ ಬಂದು ಅಣ್ಣನ ಅಂಗಳದ ಹುಲ್ಲು ಕತ್ತರಿಸುತ್ತಾರೆ. ಅಣ್ಣ ಕಿಟಕಿಯ ಪರದೆ ಎಳೆದುಕೊಳ್ಳುತ್ತಾರೆ. ಇಂದು ಪರದೆ ಎಳೆಯಲಿಲ್ಲ, ಬಾಗಿಲು ತೆರೆಯಿತು. ಸ್ಟ್ಯಾನ್ಲಿಯವರ ಕೈಯಲ್ಲಿ ಎರಡು ಲೋಟ ಚಹಾ ಇತ್ತು. “ಲೋ, ಅಂಚಿನ ಹುಲ್ಲೆಲ್ಲಾ ಹಾಗೇ ಬಿಟ್ಟಿದ್ದೀಯಲ್ಲೋ, ಕಣ್ಣು ಕಾಣಲ್ವಾ?” “ಕಾಣತ್ತೆ ಕಣಣ್ಣ, ಸೊಂಟ ಬಗ್ಗಲ್ಲ.” “ಸರಿ, ಮೊದಲು ಇದನ್ನ ಕುಡಿ. ನಿನಗೆ ಸಕ್ಕರೆ ಎರಡು ಚಮಚ ತಾನೇ?” ಕ್ಲಿಫರ್ಡ್ ಹೌದೆಂದು ತಲೆಯಾಡಿಸಿ ಲೋಟ ತೆಗೆದುಕೊಂಡರು. ಖರ್ಚು: ಶುಂಠಿ ಬಿಸ್ಕತ್ತು, ಒಂದೂವರೆ ಪೌಂಡ್, ಬೇಲಿಯ ಮೇಲಿಂದ ಇಬ್ಬರಿಗೂ ಕೊಟ್ಟೆ.