ಕಾಕು ತಾಳ ತಪ್ಪಿರಲಿಲ್ಲ

ಗೋಕಾಕದ ನಮ್ಮ ಮನೆಯಲ್ಲಿ ಅಡುಗೆಮನೆಯ ಹಿಂದಿನ ಕೋಣೆಯೇ ನನ್ನ ರೆಕಾರ್ಡಿಂಗ್ ಕೋಣೆ. ಮೊದಲು ಅಲ್ಲಿ ಜೋಳದ ಚೀಲ ಇಡುತ್ತಿದ್ದೆವು. ಈಗ ಗೋಡೆಗಳಿಗೆಲ್ಲ ಹಳೆಯ ಸೀರೆ ಹೊಲಿದ ಕೌದಿ ತೂಗುಹಾಕಿದ್ದೇನೆ, ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು. ಒಂದು ಕಂಪ್ಯೂಟರು, ಒಂದೆರಡು ಮೈಕು, ಕೈಯಲ್ಲಿ ಹಿಡಿದು ಓಡಾಡುವ ಸಣ್ಣ ರೆಕಾರ್ಡರು. ಕುಕ್ಕರಿನ ಸೀಟಿ ಮುಗಿದ ಮೇಲೆ, ನಳದ ನೀರು ಬರುವ ಮೊದಲು, ಆ ನಡುವಿನ ಹೊತ್ತಿನಲ್ಲಿ ನನ್ನ ಕೆಲಸ. ಭಜನೆ, ಸೋಬಾನದ ಪದ, ಕೂಸಿಗೆ ಹೆಸರಿಡುವಾಗಿನ ಜೋಗುಳ, ಇಂಥವನ್ನು ಹಿಡಿದಿಡುತ್ತೇನೆ. ನನ್ನ ಕಿವಿ ಚಲೋ ಅಂತ ನಾಲ್ಕು ಜನ ಅನ್ನುತ್ತಾರೆ. ಈ ಶ್ರಾವಣ ಕಳೆದ ಮೇಲೆ ಯಾರಾದರೂ ಹಾಗಂದರೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನಿಸುತ್ತದೆ.

ಮೂಡಲಗಿ ನನ್ನ ತವರು. ಅಲ್ಲಿನ ಹೆಣ್ಣುಮಕ್ಕಳ ಭಜನಾ ಮಂಡಳಿಯಲ್ಲಿ ಮೊದಲ ಸಾಲು ಎತ್ತುವವರು ಕಾಕು. ಕಾಕು ಅಂದರೆ ಚಿಕ್ಕಮ್ಮ, ಆದರೆ ರಕ್ತಸಂಬಂಧವೇನಲ್ಲ, ಬಾಜೂ ಮನೆಯವರು. ನಾನು ಲಂಗ ತೊಡುತ್ತಿದ್ದ ಕಾಲದಿಂದಲೂ ಕಾಕು. ಮಂಡಳಿಯಲ್ಲಿ ಒಂದು ರೂಢಿಯಿದೆ. ಕಂಚಿನ ತಾಳದ ಜೋಡಿ ಯಾರ ಕೈಯಲ್ಲಿದೆಯೋ ಅವರೇ ಹಾಡು ಎತ್ತಬೇಕು. ಅದನ್ನು ಯಾರೂ ಕೇಳಿ ಇಸಿದುಕೊಳ್ಳುವುದಿಲ್ಲ. ಇನ್ನು ತನ್ನ ಕೈಲಾಗದು ಅನಿಸಿದವರು ತಾವಾಗಿ ಪಕ್ಕದವರ ಮುಂದೆ ಇಡುತ್ತಾರೆ. ಮಾತಿಲ್ಲ, ಕತೆಯಿಲ್ಲ. ಹಾಗೆ ಇಟ್ಟವರು ಮತ್ತೆ ಎತ್ತಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ಶ್ರಾವಣದ ಮುಂಜಾನೆಗಳಲ್ಲಿ ಮಠದ ಸ್ಪೀಕರಿನಲ್ಲಿ ಹಾಕಲು ಒಂದು ವಚನದ ಹಾಡು ರೆಕಾರ್ಡ್ ಮಾಡಿಕೊಡು ಎಂದು ಮಂಡಳಿಯವರು ಕೇಳಿದರು. ಹಾರ್ಮೋನಿಯಂ ಪೇಟಿ, ತಬಲಾ ನಮ್ಮ ಕೋಣೆಯಲ್ಲೇ ಆದವು. ಕಾಕು ಮಾತ್ರ ಬರುವಂತಿರಲಿಲ್ಲ. ಮೊಣಕಾಲಿನ ಆಪರೇಷನ್ ಆಗಿ ಹುಕ್ಕೇರಿಯ ಮಗಳ ಮನೆಯಲ್ಲಿದ್ದರು.

"ಮೊಣಕಾಲಿಗೆ ಆಗೇತಿ, ಗಂಟಲಿಗೇನಾಗೇತಿ? ನೀನ ಬಾ ಇಲ್ಲಿ," ಎಂದರು ಫೋನಿನಲ್ಲಿ.

ಸಣ್ಣ ರೆಕಾರ್ಡರಿನ ಹಳೆಯ ಸೆಲ್ ತೆಗೆದು ಹೊಸದು ಹಾಕಿಕೊಂಡು ಹುಕ್ಕೇರಿ ಬಸ್ ಹತ್ತಿದೆ. ಕಾಕುವಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಪೇಟಿ-ತಬಲಾ ಅವರಿಗಷ್ಟೇ ಕೇಳುವಂತೆ ಮಾಡಿ, ದನಿಯನ್ನು ಬೇರೆಯಾಗಿ ಹಿಡಿದೆ. ಕಾಟಿನ ಮೇಲೆ ಕಾಲು ಚಾಚಿ ಕೂತೇ ಹಾಡಿದರು. ಮಗಳು ಚುರುಮರಿ ಮಾಡಿದ್ದಳು. ತಿಂದು ಬಂದೆ.

ಗೋಕಾಕಕ್ಕೆ ಬಂದು ಎರಡನ್ನೂ ಕೂಡಿಸಿದರೆ ಕೂಡಲಿಲ್ಲ. ಪೇಟಿಯ ಸುರ ಇದ್ದದ್ದು ಕರಿ ನಾಲ್ಕರಲ್ಲಿ, ಅಂದರೆ ನಾಲ್ಕನೆಯ ಕರಿ ಮನೆಯಲ್ಲಿ. ಕಾಕುವಿನ ದನಿ ಅದಕ್ಕಿಂತ ಮೇಲೆ, ಪೇಟಿಯ ಯಾವ ಮನೆಗೂ ಸೇರದೆ ಎರಡು ಮನೆಗಳ ಸಂದಿಯಲ್ಲಿ ಕೂತಿತ್ತು. ತೆಳ್ಳಗಾಗಿತ್ತು ಬೇರೆ. ಎರಡನೆಯ ನುಡಿಗೆ ಬರುವಷ್ಟರಲ್ಲಿ ತಬಲಾ ಇನ್ನೂ ಹಿಂದೆ, ಕಾಕು ಮುಂದೆ. ಕೊನೆಗಂತೂ ಕಾಕು ಹಾಡು ಮುಗಿಸಿದ ಮೇಲೂ ತಬಲಾ ಒಂದೇ ನುಡಿಯುತ್ತಿತ್ತು.

ಅಲ್ಲಿ ಒಂದು ನಿಮಿಷ ಯೋಚಿಸಬೇಕಿತ್ತು. ಸುರ ತಪ್ಪುವ ಮನುಷ್ಯರು ಒಮ್ಮೆ ಏರುತ್ತಾರೆ, ಒಮ್ಮೆ ಇಳಿಯುತ್ತಾರೆ. ಹಾಡಿನುದ್ದಕ್ಕೂ ಒಂದೇ ಸಂದಿಯಲ್ಲಿ ಅಲುಗದೆ ನಿಲ್ಲುವುದಿಲ್ಲ. ನನಗೆ ಅದು ಹೊಳೆಯಲಿಲ್ಲ. ವಯಸ್ಸು ಅಂದುಕೊಂಡೆ, ಆಪರೇಷನ್ ಅಂದುಕೊಂಡೆ, ಗುಳಿಗೆಗಳ ಕಾವು ಅಂದುಕೊಂಡೆ. ಕಾಕುವಿನ ಹಾಡನ್ನು ಸಾಲು ಸಾಲಾಗಿ ಕತ್ತರಿಸಿ ತಬಲಾದ ಬಾಜೂಕ್ಕೆ ಎಳೆದು ಕೂಡಿಸಲು ನೋಡಿದೆ. ತೇಪೆ ಎದ್ದು ಕಾಣಿಸಿತು. ಬೇಸರ ಬಂತು. ಆ ಬೇಸರದಲ್ಲೇ ತೇಪೆಯಿಲ್ಲದ ಮೊದಲಿನದನ್ನೇ ಮಂಡಳಿಯ ವಾಟ್ಸಾಪ್ ಗುಂಪಿಗೆ ಕಳಿಸಿ, ಕೆಳಗೆ ಬರೆದೆ: "ಕಾಕು ಸುರಾ ಬಿಟ್ಟಾರ, ತಾಳಾನೂ ಬಿಟ್ಟು ಮುಂದ ಓಡ್ಯಾರ. ವಯಸ್ಸಾತು, ಪಾಪ. ಬ್ಯಾರೆ ಯಾರರ ಹಾಡಿದ್ರ ಚಲೋ."

ತಬಲಾ ಬಾರಿಸುವ ಮಾವ ನಗೆಯ ಮನುಷ್ಯ. ಅವರು ತಡಮಾಡದೆ ಬರೆದರು: "ಕಾಕೂಗ ಹುಕ್ಕೇರಿ ಬಸ್ ತಪ್ಪೂದಿತ್ತೇನ್ರಿ? ನಾ ಅರ್ಧ ದಾರ್ಯಾಗ ಅದೇನಿ, ಅವ್ರು ಸ್ಟ್ಯಾಂಡ್ ಮುಟ್ಟ್ಯಾರ!" ಅದಕ್ಕೆ ನಗುವ ಮುಖಗಳ ಸಾಲು. ಅದರಲ್ಲಿ ನನ್ನದೂ ಒಂದು.

ಆ ಗುಂಪಿನಲ್ಲಿ ಕಾಕುವಿನ ಮಗಳೂ ಇದ್ದಳು. ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾದೀತು. ಗೊತ್ತಿತ್ತು. ನೆನಪು ಮಾಡಿಕೊಳ್ಳಲಿಲ್ಲ, ಅಷ್ಟೇ.

ಮುಂದಿನ ಸೋಮವಾರ ಮೂಡಲಗಿಗೆ ಬಸ್ಸಿನ ಕಂಡಕ್ಟರರ ಕೈಯಲ್ಲಿ ಒಂದು ಸಣ್ಣ ಗಂಟು ಬಂತಂತೆ. ಖಣದ ತುಂಡಿನಲ್ಲಿ ಸುತ್ತಿದ ತಾಳದ ಜೋಡಿ. ಕಾಕು ಅದನ್ನು ಸಾಲಿ ಬಾಯಾರ ಹೆಸರಿಗೆ ಕಳಿಸಿದ್ದರು. ಮಂಡಳಿಯಲ್ಲಿ ಕಾಕುವಿನ ಪಕ್ಕ ಕೂರುವ ಶಿಕ್ಷಕಿ ಅವರು. ಬಾಯಾರು ನನಗೆ ಫೋನ್ ಮಾಡಿ, "ನನಗ ಇವನ್ನ ಹಿಡ್ಯಾಕ ಮನಸ್ಸ ಬರವಲ್ದ್ರಿ. ಕಾಕು ಒಂದು ಮಾತೂ ಆಡಿಲ್ಲ," ಎಂದರು. ಆ ವಾರ ಮಠದಲ್ಲಿ ಹಾಡು ಎತ್ತಿದ್ದು ಬಾಯಾರು.

ಸ್ಪೀಕರಿನ ಹಾಡಿಗೂ ಇನ್ನು ಬಾಯಾರೇ ಎಂದಾಯಿತು. ಅವರ ದನಿ ಹಿಡಿಯುವ ಮೊದಲು, ಕಾಕು ಹಾಡಿದ ಧಾಟಿ ಒಮ್ಮೆ ಕೇಳಿಸಿಕೊಳ್ಳೋಣವೆಂದು ಹುಕ್ಕೇರಿಯ ಫೈಲನ್ನು ಮೊದಲಿನಿಂದ ಹಚ್ಚಿದೆ. ಯಾವ ಫೈಲಾದರೂ ಸರಿ, ಹಾಡಿಗೆ ಮುಂಚಿನ ಕೆಮ್ಮು, ಮಾತು, ಬಳೆಯ ಸಪ್ಪಳವನ್ನು ಕೇಳದೆಯೇ ಕತ್ತರಿಸಿ ಒಗೆಯುವುದು ನನ್ನ ಪದ್ಧತಿ, ಕೊತ್ತಂಬರಿಯ ಬೇರು ಚಿವುಟಿದ ಹಾಗೆ. ಈ ಸಲ ಕತ್ತರಿಸದ ಫೈಲನ್ನೇ ಹಚ್ಚಿದ್ದೆ. ಹಾಡಿನ ಮುಂಚೆ ಒಂದು ಹೆಣ್ಣುದನಿ ಬಂತು. "ಕಾಕೂ, ಹಾಡ್ರಿ, ನಾ ಸುಮ್ನ ಕುಂದರ್ತೇನಿ." ಗಿಳಿ ಮಾತಾಡಿದ ಹಾಗೆ, ಕಿರ್ರೆಂದು, ಅವಸರ ಅವಸರವಾಗಿ. ಯಾರಿವಳು ಅಂದುಕೊಂಡೆ. ನಾನೇ.

ಕಾಕುವಿಗೆ ವಯಸ್ಸಾಗಿ ದನಿ ಏರಿತು ಅಂದುಕೊಳ್ಳಬಹುದು. ನನಗೇನಾಗಿತ್ತು?

ಆಮೇಲೆ ನೋಡಿದರೆ ವಿಷಯ ಇಷ್ಟೇ. ಯಂತ್ರ ದನಿಯನ್ನು ಇಡಿಯಾಗಿ ಹಿಡಿಯುವುದಿಲ್ಲ, ಕೌದಿಯ ಹೊಲಿಗೆಯಂತೆ ಸಣ್ಣ ಸಣ್ಣ ಚುಕ್ಕೆಗಳಾಗಿ ಹಿಡಿಯುತ್ತದೆ. ನಮ್ಮ ಕೋಣೆಯ ಕಂಪ್ಯೂಟರಿನ ಲೆಕ್ಕ ಸೆಕೆಂಡಿಗೆ ನಲವತ್ತೆಂಟು ಸಾವಿರ. ಸಣ್ಣ ರೆಕಾರ್ಡರನ್ನೂ ಅದಕ್ಕೇ ಹೊಂದಿಸಿಟ್ಟಿದ್ದೆ. ಸೆಲ್ ತೆಗೆದಾಗ ಅದು ನಾನು ಹೇಳಿದ್ದನ್ನು ಮರೆತು ತನ್ನ ಹುಟ್ಟುಲೆಕ್ಕಕ್ಕೆ, ನಲವತ್ನಾಲ್ಕು ಸಾವಿರದ ನೂರಕ್ಕೆ, ಹೋಗಿತ್ತು. ಕಂಪ್ಯೂಟರು ಅದೇ ಚುಕ್ಕೆಗಳನ್ನು ತನ್ನ ಬಿಗಿಯಲ್ಲಿ ಹೊಲಿಯಿತು. ಹೊಲಿಗೆ ಒತ್ತಾದರೆ ಕೌದಿ ಗಿಡ್ಡವಾಗುತ್ತದೆ. ಹಾಡೂ ಗಿಡ್ಡವಾಯಿತು, ದನಿ ಮೇಲೇರಿತು. ಲೆಕ್ಕ ಬೇರೆ ಇದೆ, ಬದಲಿಸಲೇ ಎಂದು ಕಂಪ್ಯೂಟರು ಮೊದಲೆಲ್ಲ ಕೇಳುತ್ತಿತ್ತು. ಅದರ ಕಾಟ ತಾಳದೆ "ಮತ್ತೆ ಕೇಳಬೇಡ" ಎಂದು ಒತ್ತಿದವಳೂ ನಾನೇ.

ಕಂಪ್ಯೂಟರಿನಲ್ಲಿದ್ದ ಫೈಲನ್ನು ಅಳಿಸಿ, ಈ ಸಲ ಲೆಕ್ಕ ಬದಲಿಸಿ ರೆಕಾರ್ಡರಿನಿಂದ ಮತ್ತೆ ತಂದು ತಬಲಾದ ಕೆಳಗೆ ಇಟ್ಟೆ. ಹಾಡು ಶುರುವಾಯಿತು. ಪೇಟಿಯ ಕರಿ ನಾಲ್ಕರ ಮೇಲೆ ಕಾಕುವಿನ ದನಿ ಬಂದು ಕೂತಿತು. ಎರಡನೆಯ ನುಡಿ, ಮೂರನೆಯ ನುಡಿ, ಎಲ್ಲೂ ಕತ್ತರಿ ಹಾಕಲಿಲ್ಲ. ಕಾಕುವಿನ ಕೊನೆಯ ಸಾಲು ಮುಗಿದದ್ದೂ ತಬಲಾದ ಪೆಟ್ಟು ಬಿದ್ದದ್ದೂ ಒಟ್ಟಿಗೆ. ಸರಿಯಾಯಿತಲ್ಲ ಎಂಬ ಸಂತೋಷ ಬರಬೇಕಿತ್ತು. ಕೌದಿಯ ಗೋಡೆಗಳ ನಡುವೆ ಒಬ್ಬಳೇ ಕೂತಿದ್ದರೂ ಸೆರಗನ್ನು ಮುಖಕ್ಕೆ ಎಳೆದುಕೊಂಡೆ.

ಗುಂಪಿಗೆ ಹಾಕಲು "ಟೆಕ್ನಿಕಲ್ ಪ್ರಾಬ್ಲಮ್ ಆಗಿತ್ತು" ಎಂದು ಬರೆದೆ. ನಮ್ಮವರು ಹೆಗಲ ಮೇಲಿಂದ ಬಗ್ಗಿ ನೋಡಿ, "ಕಾಕುಂದು ತಪ್ಪಂತ ಬರೆಯೂಮುಂದ ಕಾಕುನ ಹೆಸರು ಹಾಕಿದ್ದಿ. ಈಗ ಪ್ರಾಬ್ಲಮ್ಮಿಗೆ ಯಾಕ ಹೆಸರಿಲ್ಲ?" ಎಂದು ಒಳಗೆ ಹೋದರು. ಅದನ್ನು ಅಳಿಸಿ ಹುಕ್ಕೇರಿಗೆ ಹೋದೆ.

ಕಾಕು ಅದೇ ಕಾಟಿನ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಬಾ ಅನ್ನಲಿಲ್ಲ.

"ಕಾಕೂ, ತಪ್ಪಾಗೇತ್ರಿ."

"ಯಾರದು?"

"ಮಷಿನ್ದು, ಅಂದ್ರ ಸೆಲ್ ತಗದಾಗ..."

"ಮಷಿನ್ ಬಸ್ ಹತ್ತಿ ಬಂದೈತೇನು ಹುಕ್ಕೇರಿಗೆ?"

"ಇಲ್ಲರಿ. ನಂದ ತಪ್ಪು."

ಇಯರ್‌ಫೋನ್ ಕೊಟ್ಟೆ. ಕೇಳಿದರು. ಮುಗಿದ ಮೇಲೆ, "ಇನ್ನೊಮ್ಮೆ ಹಚ್ಚು," ಎಂದು ಮತ್ತೆ ಕೇಳಿದರು. ಕೈಬೆರಳು ಹಾಸಿಗೆಯ ಅಂಚಿನ ಮೇಲೆ ತಾಳ ಬಡಿಯುತ್ತಿತ್ತು. ಆಮೇಲೆ ಬಳ್ಳೊಳ್ಳಿಯ ಸಿಪ್ಪೆ ಊದಿ ಪಕ್ಕಕ್ಕೆ ಸರಿಸಿದರು.

"ನೀ ಬರ್ದಿದ್ದು ಮಗಳು ಓದಿ ಹೇಳಿದ್ಲು. ಅವತ್ತಿಂದ ಎಲ್ಲಾರೂ ಹೊರಗ ಹೋದಮ್ಯಾಲ ಗ್ವಾಡಿಗೆ ಕೈ ಬಡದು ಬಡದು ಎಣಸೇನಿ. ಖರೇನ ತಪ್ಪಾಕತ್ತೇನೇನೋ ಅಂತ. ಯಾರ ಮುಂದೂ ಬಾಯಿ ತಗದಿಲ್ಲ."

ನಾನು ಇಯರ್‌ಫೋನಿನ ತಂತಿ ಸುತ್ತಿಟ್ಟೆ.

"ಈ ಹಾಡು ಗುಂಪಿಗೆ ಕಳಸಬ್ಯಾಡ," ಎಂದರು ಕಾಕು. "ಸೋಮವಾರ ನಾ ಬರ್ತೇನಿ. ಮಠದಾಗ, ಎಲ್ಲಾರ ಮುಂದ, ಬಾಯಿಲೆ ಹೇಳು. ಬೆರಳಿಲೆ ಹೇಳೂದು ಭಾಳ ಹಗುರ, ಖೋಡಿ."

ಸೋಮವಾರ ಮಗಳು ಕಾರಿನಲ್ಲಿ ಕರೆತಂದಳು. ಎಲ್ಲರೂ ಜಮಖಾನೆಯ ಮೇಲೆ, ಕಾಕು ಮಾತ್ರ ಕುರ್ಚಿಯಲ್ಲಿ. ನಾನು ನಿಂತು ಹೇಳಿದೆ. ಲೆಕ್ಕ, ಸೆಲ್, ಚುಕ್ಕೆ ಎಲ್ಲ ಹೇಳಲು ಹೋದರೆ ಬಚಾವಾಗಲು ನೋಡಿದ ಹಾಗೆ ಆದೀತೆಂದು ಅದನ್ನು ಬಿಟ್ಟೆ. "ಕಾಕು ಸರಿಯಾಗಿ ಹಾಡಿದ್ರು. ನಾ ಕೆಡಿಸಿ, ಅವರ ಮ್ಯಾಲ ಹಾಕ್ದೆ." ತಬಲಾದ ಮಾವ ತಲೆ ತಗ್ಗಿಸಿ ಸುಮ್ಮನೆ ತಬಲಾದ ಸುರ ಬಿಗಿಯುವ ಕಟ್ಟಿಗೆಯ ಗಟ್ಟಿ ಬಡಿಯುತ್ತ ಕೂತಿದ್ದರು. ಸಾಲಿ ಬಾಯಾರು ಎದ್ದು, ಖಣ ಬಿಚ್ಚಿ, ತಾಳದ ಜೋಡಿಯನ್ನು ಕಾಕುವಿನ ಮಡಿಲಲ್ಲಿ ಇಟ್ಟರು. "ನನ್ನ ಕೈಯಾಗ ಇವು ಮಾತ ಕೇಳವಲ್ಲವ್ರಿ," ಎಂದರು.

ಕಾಕು ಅವನ್ನು ಎತ್ತಿಕೊಂಡರು. ಮೊದಲ ಸಾಲು ಎತ್ತಿದರು. ದನಿ ಅದೇ, ಕರಿ ನಾಲ್ಕರ ಮೇಲೆ ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಎಲ್ಲರೂ ಕೂಡಿ ಹಿಂದಿನಿಂದ ಎತ್ತಿಕೊಂಡೆವು. ಆದರೆ ನನ್ನ ನೆನಪಿನಲ್ಲಿ ಕಣ್ಣು ಮುಚ್ಚಿಕೊಂಡೇ ಹಾಡುತ್ತ ಬಂದ ಕಾಕು ಅವತ್ತು ಕಣ್ಣು ಬಿಟ್ಟಿದ್ದರು. ಪ್ರತಿ ಸುತ್ತಿಗೂ ತಬಲಾದವರ ಬಲಗೈ ಎಲ್ಲಿದೆ ಎಂದು ನೋಡಿಕೊಂಡು, ಆಮೇಲೆ ತಾಳ ಬಡಿಯುತ್ತಿದ್ದರು.